ಸ್ಕ್ರೂ ಮುಟ್ಟುವ ಮುನ್ನ: 10 ಮೀಟರ್ ಏರ್ ಪಿಸ್ತೂಲಿನಲ್ಲಿ ದೋಷ ಪತ್ತೆಯ ಕ್ರಮ

ಸ್ಕೋರ್ ಇಳಿಯತೊಡಗಿದೊಡನೆ ಹೆಚ್ಚಿನ ಶೂಟರ್‌ಗಳ ಕೈ ಹೋಗುವುದು ಹಿಂದಿನ ಸೈಟ್‌ನ, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಎರಡು ಗುರುತುಗಳಲ್ಲಿ ಕಣ್ಣಿಗೆ ಹತ್ತಿರದ್ದರ, ಸ್ಕ್ರೂವಿನ ಕಡೆಗೆ. ಪೆಲೆಟ್‌ಗಳು (ಏರ್ ಪಿಸ್ತೂಲಿನ ಸಣ್ಣ ಗುಂಡುಗಳು) ಎಡಕ್ಕೆ ಬೀಳುತ್ತಿವೆ ಎಂದು ಸೈಟನ್ನು ಎರಡು ಕ್ಲಿಕ್ ಬಲಕ್ಕೆ ಸರಿಸುವುದು, ಆಮೇಲೆ ಬಲಕ್ಕೆ ಬೀಳುತ್ತಿವೆ ಎಂದು ಒಂದು ಕ್ಲಿಕ್ ಹಿಂದಕ್ಕೆ ತರುವುದು, ಅದೂ ಸಾಲದೆ ಗ್ರಿಪ್‌ನ ಅಂಗೈ ಪಟ್ಟಿಯನ್ನು ಸಡಿಲಿಸಿ ನೋಡುವುದು: ಹೀಗೆ ಒಂದು ಗಂಟೆ ಕಳೆದ ಮೇಲೆ ಮೂಲ ದೋಷ ಯಾವುದು, ಅದರ ಮೇಲೆ ನಾವೇ ಹೇರಿದ ತಿದ್ದುಪಡಿ ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಈ ಬರಹದಲ್ಲಿ ಕ್ರಮವನ್ನು ತಿರುವುಮುರುವು ಮಾಡಲಾಗಿದೆ. ಇಲ್ಲಿ ಸ್ಕ್ರೂಗೆ ಕೊನೆಯ ಸ್ಥಾನ. ಮೊದಲ ಸ್ಥಾನ ಗುಂಡು ಹಾರಿದ ಕ್ಷಣದಲ್ಲಿ ಕಣ್ಣು ಕಂಡದ್ದಕ್ಕೆ.

ಉದಾಹರಣೆಗಳೆಲ್ಲ ಒಂದೇ ಕೈಯಲ್ಲಿ, ನಿಂತು ಹೊಡೆಯುವ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯವು ಮತ್ತು ಬಲಗೈ ಶೂಟರ್‌ಗೆ ಸಂಬಂಧಿಸಿದವು. ಎಡಗೈಯವರು ಎಡ ಎಂದಲ್ಲಿ ಬಲ, ಬಲ ಎಂದಲ್ಲಿ ಎಡ ಎಂದು ಓದಿಕೊಳ್ಳಬೇಕು. ಮುಂದೆ ಹಲವು ಕಡೆ ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ, ಬರುತ್ತದೆ. ಪ್ರತಿ ಸಲವೂ ನಳಿಕೆ ಖಾಲಿಯೆಂದು ಕಣ್ಣಾರೆ ನೋಡಿಯೇ ಅದನ್ನು ಆರಂಭಿಸಬೇಕು, ನಳಿಕೆಯ ಬಾಯಿ ಗುರಿಯ ದಿಕ್ಕು ಬಿಟ್ಟು ಬೇರೆಡೆಗೆ ತಿರುಗಬಾರದು, ಪಿಸ್ತೂಲನ್ನು ಕೆಳಗಿಟ್ಟಾಗ ನಳಿಕೆಯೊಳಗೆ ಸುರಕ್ಷತಾ ದಾರ ಇರಬೇಕು. ಗಾಳಿಯ ಪಿಸ್ತೂಲ್ ಎಂಬ ಕಾರಣಕ್ಕೆ ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಮೊದಲ ಪರೀಕ್ಷೆ: ನೋಡುವ ಮುನ್ನ ಹೇಳುವುದು

ಗುಂಡು ಹಾರಿದ ಮೇಲೆ, ಗುರಿಯನ್ನಾಗಲಿ ಗುಂಡು ಬಿದ್ದ ಜಾಗ ತೋರಿಸುವ ಮಾನಿಟರನ್ನಾಗಲಿ ನೋಡುವ ಮುನ್ನ, ಅದು ಎಲ್ಲಿ ಬಿದ್ದಿರಬೇಕು ಎಂದು ಹೇಳುವುದಕ್ಕೆ ಶೂಟರ್‌ಗಳು ಕಾಲ್ ಮಾಡುವುದು ಎನ್ನುತ್ತಾರೆ. ದೋಷ ಪತ್ತೆಯ ಮುಕ್ಕಾಲು ಭಾಗ ಕೆಲಸವನ್ನು ಈ ಒಂದು ಅಭ್ಯಾಸವೇ ಮಾಡಿಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾನಿಟರಿಗೆ ಒಂದು ಬಟ್ಟೆ ಮುಚ್ಚಿ 20 ಗುಂಡು ಹಾರಿಸಿ, ಪ್ರತಿ ಗುಂಡಿನ ನಂತರ ಪುಸ್ತಕದಲ್ಲಿ ಗಡಿಯಾರದ ದಿಕ್ಕನ್ನೂ ಅಂದಾಜು ವೃತ್ತವನ್ನೂ ಬರೆಯಿರಿ: 8 ಗಂಟೆಯ ಕಡೆ 9, 12 ಗಂಟೆಯ ಕಡೆ 8, ಹೀಗೆ. ಇಪ್ಪತ್ತೂ ಮುಗಿದ ಮೇಲೆ ಬಟ್ಟೆ ತೆಗೆದು ಎರಡನ್ನೂ ಒಟ್ಟಿಗಿಟ್ಟು ನೋಡಿ.

ಕಾಲ್ ಮಾಡಿದ ಜಾಗಕ್ಕೇ ಗುಂಡುಗಳು ಬಿದ್ದಿವೆ, ಆದರೆ ಹರಡಿವೆ ಎಂದಾದರೆ ನಿಮ್ಮ ಕಣ್ಣೂ ಟ್ರಿಗರ್ ಬೆರಳೂ ತಮ್ಮ ಕೆಲಸ ಮಾಡುತ್ತಿವೆ. ತೊಂದರೆ ಇರುವುದು ತೋಳಿನ ಸ್ಥಿರತೆಯಲ್ಲಿ ಅಥವಾ ನಿಲುವಿನಲ್ಲಿ. ನೀವು ಹೇಳಿದ್ದು 10, ಬಿದ್ದದ್ದು ಕೆಳ ಎಡದ 8, ಅದೂ ಮತ್ತೆ ಮತ್ತೆ ಅದೇ ದಿಕ್ಕಿಗೆ ಎಂದಾದರೆ ಟ್ರಿಗರ್ ಬಿಡುವ ಕ್ಷಣದಲ್ಲಿ ಕೈ ಏನೋ ಮಾಡುತ್ತಿದೆ, ಮತ್ತು ಕಣ್ಣು ಅದನ್ನು ನೋಡುವಷ್ಟು ಹೊತ್ತು ಅಲ್ಲಿ ಉಳಿದಿಲ್ಲ. ಹೇಳಿದ್ದಕ್ಕೂ ಬಿದ್ದದ್ದಕ್ಕೂ ಸಂಬಂಧವಿಲ್ಲ, ತಪ್ಪಿದ ದಿಕ್ಕಿಗೂ ಒಂದು ಕ್ರಮವಿಲ್ಲ ಎಂದಾದರೆ ಕಣ್ಣಿನ ನೋಟವನ್ನು ಅಥವಾ ಉಪಕರಣವನ್ನು ಅನುಮಾನಿಸಬೇಕು. ಹೇಳಿದ್ದೂ ಬಿದ್ದದ್ದೂ ಒಂದೇ ಆಕಾರದಲ್ಲಿದ್ದು ಇಡೀ ಗ್ರೂಪ್, ಅಂದರೆ ಗುಂಡುಗಳು ಬಿದ್ದ ಗುರುತುಗಳ ಗುಂಪು, ಒಂದು ಬದಿಗೆ ಸರಿದಿದ್ದರೆ ಮಾತ್ರ ಅದು ಸೈಟ್‌ನ ವಿಷಯ.

ಹೊಸಬರಲ್ಲಿ ಇನ್ನೊಂದು ಫಲಿತಾಂಶವೂ ಬರುತ್ತದೆ: ಕಾಲ್ ಮಾಡಲು ಅವರ ಬಳಿ ಏನೂ ಇರುವುದಿಲ್ಲ. ಗುಂಡು ಹಾರಿದಾಗ ಮುಂದಿನ ಸೈಟ್ ಎಲ್ಲಿತ್ತು ಎಂದು ಕೇಳಿದರೆ, ಸರಿಯಾಗಿಯೇ ಇತ್ತು ಎನ್ನುತ್ತಾರೆ. ಅದು ಒಂದು ಸೆಕೆಂಡ್ ಹಿಂದಿನ ಚಿತ್ರ. ಇದು ಪರೀಕ್ಷೆಯ ವೈಫಲ್ಯವಲ್ಲ, ಪರೀಕ್ಷೆಯ ಉತ್ತರವೇ ಅದು. ಟ್ರಿಗರ್ ಬಿಡುವ ಮೊದಲೇ ಗಮನ ಹೊರಟುಹೋಗುತ್ತಿದೆ ಎಂದು ಅರ್ಥ, ಮತ್ತು ಅದನ್ನು ಸರಿಪಡಿಸುವವರೆಗೆ ಉಳಿದ ಯಾವ ದೋಷವನ್ನೂ ನಂಬಿಕೆಯಿಂದ ಹೆಸರಿಸಲು ಆಗದು.

ಯಾವ ತಪ್ಪಿಗೆ ಎಷ್ಟು ದಂಡ

ಈ ಗುರಿಯಲ್ಲಿ 10ರ ವೃತ್ತದ ವ್ಯಾಸ 11.5 ಮಿಲಿಮೀಟರ್, ಪೆಲೆಟ್‌ನ ವ್ಯಾಸ 4.5 ಮಿಲಿಮೀಟರ್. ಪೆಲೆಟ್‌ನ ಅಂಚು ಗೆರೆಯನ್ನು ಮುಟ್ಟಿದರೂ ಹೆಚ್ಚಿನ ಅಂಕವೇ ಸಿಗುವುದರಿಂದ, ಪೆಲೆಟ್‌ನ ನಡುಬಿಂದು ಗುರಿಯ ನಡುಬಿಂದುವಿನಿಂದ 8 ಮಿಲಿಮೀಟರ್ ಒಳಗಿದ್ದರೆ ಅದು 10. ಅಲ್ಲಿಂದಾಚೆಗೆ ಪ್ರತಿ 8 ಮಿಲಿಮೀಟರಿಗೆ ಒಂದೊಂದು ಅಂಕ ಇಳಿಯುತ್ತದೆ.

ಈಗ ಎರಡು ಬಗೆಯ ತಪ್ಪುಗಳನ್ನು ಹೋಲಿಸಿ ನೋಡೋಣ. ಎರಡೂ ಸೈಟ್‌ಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡೇ ಇದ್ದು ಇಡೀ ತೋಳು 8 ಮಿಲಿಮೀಟರ್ ಪಕ್ಕಕ್ಕೆ ತೇಲಿದೆ ಎನ್ನಿ: ಗುಂಡೂ 8 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ, ಹೆಚ್ಚೆಂದರೆ ಒಂದು ಅಂಕ ಇಳಿಯುತ್ತದೆ. ತೋಳು ಅಲುಗದೆ ಮಣಿಕಟ್ಟು ತುಸು ಬಾಗಿ, ಹಿಂದಿನ ಸೈಟ್‌ನ ಕಂಡಿಯಲ್ಲಿ ಮುಂದಿನ ಸೈಟ್ ಪಕ್ಕಕ್ಕೆ ಸರಿದಿದೆ ಎನ್ನಿ: ಎರಡು ಸೈಟ್‌ಗಳ ನಡುವಿನ ಅಂತರ 330 ಮಿಲಿಮೀಟರ್ ಎಂದು ಹಿಡಿದರೆ, ಅಲ್ಲಿನ 1 ಮಿಲಿಮೀಟರ್ ತಪ್ಪು 10 ಮೀಟರ್ ದೂರದಲ್ಲಿ ಸುಮಾರು 30 ಮಿಲಿಮೀಟರ್ ಆಗಿ ಬೆಳೆಯುತ್ತದೆ. ಅಂದರೆ ಒಂದು ಅಂಕ ಕಳೆದುಕೊಳ್ಳಲು ಮುಂದಿನ ಸೈಟ್ ಕಾಲು ಮಿಲಿಮೀಟರಿಗಿಂತ ಚೂರು ಹೆಚ್ಚು ಸರಿದರೆ ಸಾಕು.

ತೋಳು ತೇಲುವುದು ಕಣ್ಣಿಗೆ ಭಯಂಕರವಾಗಿ ಕಾಣುತ್ತದೆ, ಏಕೆಂದರೆ ಕಪ್ಪು ವೃತ್ತದ ಕೆಳಗೆ ಸೈಟ್ ಅತ್ತಿತ್ತ ಓಡಾಡುವುದು ನೇರವಾಗಿ ಕಾಣುತ್ತಿರುತ್ತದೆ. ಮಣಿಕಟ್ಟಿನ ಕೋನ ಕೆಡುವುದು ಕಣ್ಣಿಗೆ ಬೀಳುವುದೇ ಇಲ್ಲ. ಶೂಟರ್ ಮೊದಲನೆಯದಕ್ಕೆ ಹೆದರಿ, ಸೈಟ್ ನಡುವಿಗೆ ಬಂದ ಗಳಿಗೆಯನ್ನು ಹಿಡಿಯಲು ಹೊರಟು, ಎರಡನೆಯದನ್ನು ತಾನೇ ಉಂಟುಮಾಡಿಕೊಳ್ಳುತ್ತಾನೆ. ಈ ಆಟದ ಅತ್ಯಂತ ಸಾಮಾನ್ಯ ದೋಷದ ಬೇರು ಇಲ್ಲಿದೆ.

ಉಪಕರಣ: ಬೇಗ ಮುಗಿಸಬೇಕಾದ ಪರಿಶೀಲನೆ

ಉಪಕರಣದ ಮೇಲೆ ಅನುಮಾನ ಉಳಿದಿರುವಾಗ ತಾಂತ್ರಿಕ ಅಭ್ಯಾಸಕ್ಕೆ ಮನಸ್ಸು ಒಪ್ಪುವುದಿಲ್ಲ; ಆದ್ದರಿಂದ ಅದನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುವುದು ಲೇಸು. ಮುಂದಿನ ಮತ್ತು ಹಿಂದಿನ ಸೈಟ್‌ಗಳ ಹಿಡಿತದ ಸ್ಕ್ರೂಗಳು, ಗ್ರಿಪ್‌ನ ಸ್ಕ್ರೂ, ಅಂಗೈ ಪಟ್ಟಿ ಬಿಗಿಯಾಗಿವೆಯೇ ಎಂದು ನೋಡಿ. ಸಿಲಿಂಡರಿನ ಒತ್ತಡ ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕಿಂತ ಇಳಿದರೆ ಪೆಲೆಟ್‌ನ ವೇಗ ಕುಸಿದು ಗ್ರೂಪ್ ಕೆಳಕ್ಕೆ ಜಾರುತ್ತದೆ. ಪೆಲೆಟ್‌ನ ಡಬ್ಬಿ ಬದಲಾಗಿದ್ದರೆ ತಯಾರಿಕಾ ಸಂಖ್ಯೆಯನ್ನು ಹೋಲಿಸಿ. ಕೊನೆಗೆ ಪಿಸ್ತೂಲನ್ನು ಹಿಡಿಕೆಯಂತ್ರದಲ್ಲಿ ಬಿಗಿದು 10 ಗುಂಡು ಹಾರಿಸಿ: ಎಲ್ಲವೂ ಒಂದೇ ತೂತನ್ನು ತುಸು ಅಗಲಿಸಿದಂತೆ ಬಿದ್ದರೆ ಪಿಸ್ತೂಲು ನಿರಪರಾಧಿ. ಹಿಡಿಕೆಯಂತ್ರ ಇಲ್ಲದಿದ್ದರೆ ಮರಳು ಚೀಲದ ಮೇಲೆ ಎರಡೂ ಕೈ ಊರಿ ಹೊಡೆದರೂ ಸಾಕಷ್ಟು ಸುಳಿವು ಸಿಗುತ್ತದೆ. ಈ ಯಂತ್ರ ಪರೀಕ್ಷೆ ನಳಿಕೆ, ಪೆಲೆಟ್ ಮತ್ತು ಗಾಳಿಯ ಬಗ್ಗೆ ಮಾತ್ರ ಹೇಳುತ್ತದೆ, ಸಡಿಲವಾದ ಸೈಟ್‌ನ ಬಗ್ಗೆ ಏನೂ ಹೇಳುವುದಿಲ್ಲ ಎಂಬುದನ್ನು ಮರೆಯಬಾರದು. ನಾನೊಮ್ಮೆ ಎರಡು ವಾರ ಮಣಿಕಟ್ಟಿನ ವ್ಯಾಯಾಮ ಮಾಡಿದ ಮೇಲೆ ಹಿಂದಿನ ಸೈಟ್‌ನ ಎಲೆ ಉಗುರಿನಿಂದ ತಳ್ಳಿದರೂ ಅಲುಗುತ್ತಿರುವುದು ಗೊತ್ತಾಗಿತ್ತು.

ಟ್ರಿಗರ್ ಬಿಡುಗಡೆ

10 ಎಂದು ಕಾಲ್ ಮಾಡಿದರೂ ಗುಂಡು ಮತ್ತೆ ಮತ್ತೆ ಒಂದೇ ದಿಕ್ಕಿಗೆ ತಪ್ಪುತ್ತಿದೆ ಎಂಬ ಫಲಿತಾಂಶ ಬಂದವರು ಇಲ್ಲಿಂದ ಆರಂಭಿಸಬೇಕು. ಬಲಗೈ ಶೂಟರ್‌ನ ಪೆಲೆಟ್‌ಗಳು ಕೆಳ ಎಡಕ್ಕೆ ಹೋಗುವುದು ಇದರ ಚಿರಪರಿಚಿತ ರೂಪ. ತೋರುಬೆರಳು ಒಂದೇ ಮಡಚಿಕೊಳ್ಳುವ ಬದಲು ಅದರೊಂದಿಗೆ ಉಳಿದ ಮೂರು ಬೆರಳುಗಳೂ ಹಾಲು ಕರೆಯುವಂತೆ ಬಿಗಿಯುತ್ತವೆ. ಆಗ ನಳಿಕೆಯ ಮೂತಿ ಕೆಳಕ್ಕೂ ಒಳಕ್ಕೂ ಬಾಗುತ್ತದೆ.

ಇದು ಕೈಯ ಅಭ್ಯಾಸದೋಷವೋ, ಗುಂಡಿನ ಸದ್ದು ಮತ್ತು ಅದುರನ್ನು ಮನಸ್ಸು ಮುಂಗಾಣುವುದರಿಂದ ಬಂದದ್ದೋ ಎಂದು ಬೇರ್ಪಡಿಸುವುದು ಮುಖ್ಯ, ಏಕೆಂದರೆ ಎರಡಕ್ಕೂ ಮದ್ದು ಬೇರೆ. ಖಾಲಿ ಬಿಳಿ ಗೋಡೆಯ ಮುಂದೆ ನಿಂತು 15 ಬಾರಿ ಡ್ರೈ ಫೈರ್ ಮಾಡಿ. ಗೋಡೆಯ ಮೇಲೆ ಗುರಿಯಿಲ್ಲ, ಆದ್ದರಿಂದ ಕಣ್ಣಿಗೆ ನೋಡಲು ಇರುವುದು ಸೈಟ್‌ಗಳು ಮಾತ್ರ. ಟ್ರಿಗರ್ ಟಕ್ ಎಂದಾಗ ಕಂಡಿಯಲ್ಲಿನ ಮುಂದಿನ ಸೈಟ್ ಕುಸಿದರೆ, ಎರಡು ಬದಿಯ ಬೆಳಕಿನ ಗೆರೆಗಳು ಅಸಮವಾದರೆ, ದೋಷ ಬೆರಳಿನಲ್ಲಿಯೇ ಇದೆ. ಗೋಡೆಯ ಮುಂದೆ ಸೈಟ್ ಕದಲದೆ ನಿಂತು ಗುರಿಯ ಮುಂದೆ ಮಾತ್ರ ಕೆಡುತ್ತಿದೆ ಎಂದಾದರೆ ಎರಡನೆಯ ಪರೀಕ್ಷೆ ಬೇಕು. ಜೊತೆಗಾರರೊಬ್ಬರು ನಿಮಗೆ ಕಾಣದಂತೆ ಪಿಸ್ತೂಲನ್ನು ಕೆಲವೊಮ್ಮೆ ಪೆಲೆಟ್ ತುಂಬಿ, ಕೆಲವೊಮ್ಮೆ ಡ್ರೈ ಫೈರ್ ಸ್ಥಿತಿಯಲ್ಲಿಟ್ಟು ಗುರಿಯತ್ತಲೇ ಮೂತಿಯಿರುವಂತೆ ಮೇಜಿನ ಮೇಲಿಡಲಿ. ನೀವು ಎತ್ತಿ ಹೊಡೆಯಿರಿ. ಗುಂಡು ಹೊರಡದೆ ಟ್ರಿಗರ್ ಮಾತ್ರ ಟಕ್ ಎಂದ ಸರದಿಗಳಲ್ಲಿ ಮೂತಿ ತಗ್ಗಿದರೆ ಅದು ಮುಂಗಾಣುವಿಕೆ. ಏರ್ ಪಿಸ್ತೂಲಿನಲ್ಲಿ ಹಿನ್ನೆಗೆತ ಬಹಳ ಕಡಿಮೆ ಎಂಬ ಕಾರಣಕ್ಕೆ ಇದು ಇಲ್ಲಿ ಇರುವುದಿಲ್ಲ ಎಂದು ತಿಳಿಯುವುದು ತಪ್ಪು. ಸದ್ದಿಗಿಂತ ಫಲಿತಾಂಶದ ಕುತೂಹಲವೇ ಇಲ್ಲಿ ಕೈಯನ್ನು ಅಲುಗಿಸುತ್ತದೆ.

ಬೆರಳಿನ ದೋಷಕ್ಕೆ ಮೊದಲು ಬೆರಳಿನ ಜಾಗ ನೋಡಿ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆಯ ನಡುಭಾಗ ಟ್ರಿಗರ್ ಮೇಲಿರಬೇಕು, ಬೆರಳಿನ ಉಳಿದ ಭಾಗ ಗ್ರಿಪ್‌ನ ಮರವನ್ನು ಎಲ್ಲಿಯೂ ಸೋಕಬಾರದು. ಸೋಕುತ್ತಿದ್ದರೆ ಬೆರಳು ಮಡಚುವಾಗ ಮರವನ್ನೂ ತಳ್ಳುತ್ತದೆ, ಮತ್ತು ಈ ಒಂದು ಕಾರಣವೇ ಪಕ್ಕಕ್ಕೆ ಸರಿದ ಗ್ರೂಪ್‌ಗೆ ಸಾಕು. ಆಮೇಲೆ ಟ್ರಿಗರ್‌ನ ಹೊಂದಾಣಿಕೆ. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ 500 ಗ್ರಾಂ ತೂಕವನ್ನು ಎತ್ತಲೇಬೇಕು. ಎರಡು ಹಂತದ, ಅಂದರೆ ಮೊದಲು ಒಂದು ತಡೆಯವರೆಗೆ ಸರಿದು ಆಮೇಲೆ ಇನ್ನಷ್ಟು ಒತ್ತಿದಾಗ ಗುಂಡು ಬಿಡುವ, ಟ್ರಿಗರ್‌ನಲ್ಲಿ ಈ ತೂಕದ ಹೆಚ್ಚಿನ ಪಾಲು ಮೊದಲ ಹಂತದಲ್ಲೇ ಕಳೆದು ಎರಡನೆಯ ಹಂತಕ್ಕೆ ಸ್ವಲ್ಪವೇ ಉಳಿಯುವಂತೆ ಹೊಂದಿಸಿದರೆ ಬಿಡುಗಡೆಯ ಕ್ಷಣದಲ್ಲಿ ಕೈ ಕಡಿಮೆ ಕೆಲಸ ಮಾಡುತ್ತದೆ. ಆದರೆ ಎರಡನೆಯ ಹಂತವನ್ನು ತೀರಾ ಹಗುರ ಮಾಡಿಕೊಂಡವರು ಮೊದಲ ಹಂತವನ್ನೇ ಅಂಜುತ್ತ ಒತ್ತುತ್ತಾರೆ. ಆ ಅಂಜಿಕೆ ಗುರಿಯ ಮೇಲೆ ಮೇಲಿನಿಂದ ಕೆಳಕ್ಕೆ ಸಾಲುಗಟ್ಟಿದ ಗುಂಡುಗಳಾಗಿ ಕಾಣುತ್ತದೆ. ಸೂಜಿಯಂತೆ ಹಗುರವಾದ ಟ್ರಿಗರ್‌ಗಿಂತ ಎರಡು ಹಂತಗಳ ನಡುವಿನ ತಡೆ ಎಲ್ಲಿದೆ ಎಂದು ಬೆರಳಿಗೆ ಸ್ಪಷ್ಟವಾಗಿ ತಿಳಿಯುವ ಟ್ರಿಗರ್ ಮೇಲು.

ಇನ್ನು ಒತ್ತಡದ ಕಾಲಕ್ರಮ. ತಪ್ಪು ಹೀಗೆ ನಡೆಯುತ್ತದೆ: ಪಿಸ್ತೂಲು ಗುರಿಗೆ ಇಳಿಯುತ್ತದೆ, ಸೈಟ್ ಓಡಾಡುತ್ತದೆ, ಶೂಟರ್ ಕಾಯುತ್ತಾನೆ, ಸೈಟ್ ನಡುವಿಗೆ ಬಂದ ಕೂಡಲೇ ಈಗ ಎಂದುಕೊಂಡು ಒತ್ತುತ್ತಾನೆ. ಆ ಈಗ ಎಂಬುದರಿಂದ ಬೆರಳಿಗೆ ಆಜ್ಞೆ ತಲುಪುವಷ್ಟರಲ್ಲಿ ಸೈಟ್ ಅಲ್ಲಿಂದ ಹೊರಟಿರುತ್ತದೆ, ಮತ್ತು ಅವಸರದ ಒತ್ತು ಮಣಿಕಟ್ಟಿನ ಕೋನವನ್ನೂ ಕೆಡಿಸಿರುತ್ತದೆ. ಸರಿಯಾದ ಕ್ರಮದಲ್ಲಿ ತೋಳು ಇಳಿಯುವಾಗಲೇ ಮೊದಲ ಹಂತ ಮುಗಿದಿರುತ್ತದೆ. ಸೈಟ್ ತನ್ನ ಓಡಾಟದ ವಲಯಕ್ಕೆ ನೆಲೆಸಿದೊಡನೆ ಎರಡನೆಯ ಹಂತದ ಒತ್ತಡ ನಿಧಾನವಾಗಿ, ಎಡೆಬಿಡದೆ ಏರುತ್ತ ಹೋಗುತ್ತದೆ. ಓಡಾಟವನ್ನು ಓಡಾಟವಾಗಿಯೇ ಬಿಟ್ಟುಕೊಡಲಾಗುತ್ತದೆ. ವಲಯ 9ರ ವೃತ್ತದಷ್ಟು ದೊಡ್ಡದಿದ್ದರೂ ಶುದ್ಧ ಬಿಡುಗಡೆಗೆ ಬರುವ ಗುಂಡುಗಳಲ್ಲಿ ಬಹುಪಾಲು ಅದರ ನಡುಭಾಗಕ್ಕೇ ಬೀಳುತ್ತವೆ, ಏಕೆಂದರೆ ಸೈಟ್ ಅಂಚಿಗಿಂತ ಹೆಚ್ಚು ಹೊತ್ತು ನಡುವಿನ ಆಸುಪಾಸಿನಲ್ಲೇ ಸುಳಿಯುತ್ತಿರುತ್ತದೆ.

ಇದಕ್ಕೆ ಗುರಿಯ ಕಾಗದವನ್ನು ಹಿಂದುಮುಂದು ಮಾಡಿ ಹಾಕುವುದು ನಾನು ಕಂಡ ಅತ್ಯುತ್ತಮ ಅಭ್ಯಾಸ. ಬಿಳಿಯ ಹಾಳೆಯಲ್ಲಿ ನಡುವಿಲ್ಲ, ಆದ್ದರಿಂದ ಈಗ ಎನ್ನಲು ಕ್ಷಣವೂ ಇಲ್ಲ. ಹಾಳೆಯ ಮಧ್ಯಕ್ಕೆ ಸುಮಾರಾಗಿ ಪಿಸ್ತೂಲು ತಂದು, ಸೈಟ್‌ಗಳ ಹೊಂದಾಣಿಕೆಯೊಂದನ್ನೇ ನೋಡುತ್ತ 10 ಗುಂಡು ಹಾರಿಸಿ. ಬಿಳಿ ಹಾಳೆಯ ಗ್ರೂಪ್ ಕಪ್ಪು ವೃತ್ತದ ಮೇಲಿನ ಗ್ರೂಪ್‌ಗಿಂತ ಚಿಕ್ಕದಾಗಿ ಬಂದರೆ, ಮತ್ತು ಹೆಚ್ಚಿನವರಿಗೆ ಮೊದಲ ಸಲ ಅದು ಹಾಗೆಯೇ ಬಂದು ಆಶ್ಚರ್ಯ ಹುಟ್ಟಿಸುತ್ತದೆ, ದೋಷ ಸ್ನಾಯುಗಳಲ್ಲಿಲ್ಲ, ನಡುವನ್ನು ಬೇಟೆಯಾಡುವ ಚಟದಲ್ಲಿದೆ. ಆಮೇಲೆ ಐದು ಗುಂಡು ಬಿಳಿ ಹಾಳೆಗೆ, ಐದು ಗುಂಡು ಗುರಿಗೆ ಎಂಬಂತೆ ಬದಲಿಸುತ್ತ, ಬಿಳಿ ಹಾಳೆಯ ಮುಂದಿನ ಬೆರಳನ್ನೇ ಗುರಿಯ ಮುಂದಕ್ಕೂ ಒಯ್ಯಬೇಕು.

ಬಿಡುಗಡೆಯಾದ ಮೇಲಿನ ಒಂದೆರಡು ಸೆಕೆಂಡ್ ತೋಳನ್ನು ಇದ್ದಲ್ಲೇ ಇರಿಸಿ ಮುಂದಿನ ಸೈಟನ್ನು ನೋಡುತ್ತಿರುವುದಕ್ಕೆ ಫಾಲೋ ಥ್ರೂ ಎನ್ನುತ್ತಾರೆ. ಪೆಲೆಟ್ ನಳಿಕೆಯಿಂದ ಹೊರಬೀಳುವುದು ಕೆಲವೇ ಮಿಲಿಸೆಕೆಂಡ್‌ಗಳಲ್ಲಿ. ಅಷ್ಟಕ್ಕೆ ಎರಡು ಸೆಕೆಂಡ್ ಏಕೆ ಎಂದು ಕೇಳುವವರಿದ್ದಾರೆ. ಕಾಯುವುದು ಪೆಲೆಟ್‌ಗಾಗಿ ಅಲ್ಲ. ತೋಳು ಇಳಿಸುವ ಆಲೋಚನೆ ಬಿಡುಗಡೆಗಿಂತ ಮೊದಲೇ ಹುಟ್ಟದಿರಲಿ ಎಂಬುದಕ್ಕಾಗಿ.

ನಿಲುವು ಮತ್ತು ಹಿಡಿತ

ಕಾಲ್‌ಗಳು ಸರಿಯಾಗಿದ್ದು ಗ್ರೂಪ್ ಅಡ್ಡಕ್ಕೆ ಉದ್ದವಾಗಿದ್ದರೆ ಮೊದಲು ಪಾದಗಳನ್ನು ನೋಡಬೇಕು. ನಿಂತು, ಕಣ್ಣು ಮುಚ್ಚಿ, ತೋಳೆತ್ತಿ ಇಳಿಸಿ, ಅದು ತಾನಾಗಿ ನೆಲೆಸಿದ ಮೇಲೆ ಕಣ್ಣು ತೆರೆಯಿರಿ. ಪಿಸ್ತೂಲು ಗುರಿಯ ಎಡಕ್ಕೆ ನೆಲೆಸಿದ್ದರೆ ತೋಳನ್ನು ಬಲಕ್ಕೆ ಎಳೆಯಬಾರದು. ಎಳೆದ ಸ್ನಾಯು ಬಿಡುಗಡೆಯ ಹೊತ್ತಿಗೆ ಸಡಿಲಾಗಿ ಮತ್ತೆ ಎಡಕ್ಕೇ ಮರಳುತ್ತದೆ. ಬದಲಿಗೆ ಹಿಂದಿನ ಪಾದವನ್ನು, ಬಲಗೈ ಶೂಟರ್‌ಗೆ ಎಡಪಾದವನ್ನು, ಎದೆಯಿರುವ ದಿಕ್ಕಿಗೆ ತುಸು ಸರಿಸಬೇಕು. ಪಿಸ್ತೂಲು ಬಲಕ್ಕೆ ನೆಲೆಸಿದ್ದರೆ ಬೆನ್ನಿನ ದಿಕ್ಕಿಗೆ. ಮೂರು ಬಾರಿ ಕಣ್ಣು ತೆರೆದಾಗಲೂ ಗುರಿಯ ಕೆಳಗೇ ಇದ್ದರೆ ಪಾದಗಳ ಸುತ್ತ ಗುರುತು ಹಾಕಿಕೊಳ್ಳಿ. 60 ಗುಂಡುಗಳ ಸ್ಪರ್ಧೆಯಲ್ಲಿ ಪಾದಗಳು ಅರಿವಿಲ್ಲದೆ ಜರುಗುತ್ತವೆ. 40ನೆಯ ಗುಂಡಿನ ಹೊತ್ತಿಗೆ ಗ್ರೂಪ್ ಪಕ್ಕಕ್ಕೆ ಹೊರಟರೆ ಸೈಟ್ ತಿರುಗಿಸುವ ಮುನ್ನ ಈ ಗುರುತನ್ನು ನೋಡಿ.

ಇದೇ ಪರೀಕ್ಷೆಯಲ್ಲಿ ಕಣ್ಣು ತೆರೆದಾಗ ಎರಡು ಸೈಟ್‌ಗಳ ಸಂಬಂಧವನ್ನೂ ಗಮನಿಸಬೇಕು. ಮುಂದಿನ ಸೈಟ್ ಪ್ರತಿ ಸಲವೂ ಕಂಡಿಯ ಬಲಕ್ಕೆ ಅಂಟಿಕೊಂಡಿದ್ದರೆ, ಅಥವಾ ಪ್ರತಿ ಸಲವೂ ತಗ್ಗಿದ್ದರೆ, ಗ್ರಿಪ್ ನಿಮ್ಮ ಕೈಗೆ ಸರಿಹೊಂದಿಲ್ಲ. ಮಣಿಕಟ್ಟಿನ ಬಲದಿಂದ ಅದನ್ನು ಸರಿಪಡಿಸುತ್ತ ಹೋದರೆ ದಣಿದಷ್ಟೂ ಮೂಲ ಸ್ಥಿತಿಗೆ ಮರಳುತ್ತದೆ. ಗ್ರಿಪ್‌ನ ಕೋನವನ್ನು ಹೊಂದಿಸಲು ಬಂದರೆ ಹೊಂದಿಸಿ, ಇಲ್ಲದಿದ್ದರೆ ಮರದ ಪುಟ್ಟಿ ಹಚ್ಚಿ ಉಜ್ಜಿ. ಆದರೆ ದಿನಕ್ಕೆ ಒಂದೇ ಬದಲಾವಣೆ. ಹಿಡಿತದ ಬಿಗಿ ಎಷ್ಟಿರಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ನಡುಗದಷ್ಟು ಗಟ್ಟಿ ಇರಬೇಕು, ಮೊದಲ ಗುಂಡಿನಿಂದ ಕೊನೆಯ ಗುಂಡಿನವರೆಗೆ ಒಂದೇ ಸಮ ಇರಬೇಕು. ಬಿಗಿಯ ಪ್ರಮಾಣಕ್ಕಿಂತ ಅದು ಬದಲಾಗದಿರುವುದು ದೊಡ್ಡದು.

ಗ್ರೂಪ್ ಮೇಲೆ ಕೆಳಗೆ ಉದ್ದವಾದರೆ ಮೂರು ಸಂಭವಗಳಿವೆ: ಮಣಿಕಟ್ಟು ಬೀಗವಾಗಿಲ್ಲ, ಉಸಿರಿನ ಕ್ರಮ ಒಂದೇ ಸಮ ಇಲ್ಲ, ಅಥವಾ ಹಿಡಿದ ಹೊತ್ತು ಮಿತಿಮೀರಿದೆ. ಉಸಿರಿನದು ಸುಲಭ, ತೋಳೆತ್ತುವಾಗ ಒಳಕ್ಕೆ, ಇಳಿಸುವಾಗ ಅರ್ಧ ಹೊರಕ್ಕೆ, ಅಲ್ಲಿ ನಿಲುಗಡೆ, ಪ್ರತಿ ಗುಂಡಿಗೂ ಹೀಗೆಯೇ. ಹೊತ್ತಿನದು ಕಷ್ಟ. ಸೈಟ್ ನೆಲೆಸಿದ ಮೇಲೆ ಒಳ್ಳೆಯ ಬಿಡುಗಡೆಗೆ ಸಿಗುವುದು ಸುಮಾರು 5ರಿಂದ 8 ಸೆಕೆಂಡ್. 10 ಸೆಕೆಂಡ್ ದಾಟಿದರೆ ಆಮ್ಲಜನಕವೂ ಕಣ್ಣೂ ತೋಳೂ ಒಟ್ಟಿಗೆ ಕೈಕೊಡುತ್ತವೆ. ಜೊತೆಗಾರರು ಗಡಿಯಾರ ಹಿಡಿದು 20 ಗುಂಡುಗಳ ಸಮಯ ಬರೆದುಕೊಟ್ಟರೆ 7 ಮತ್ತು 8 ಅಂಕದ ಗುಂಡುಗಳು ಯಾವ ಸೆಕೆಂಡಿನಲ್ಲಿ ಹೊರಟಿವೆ ಎಂದು ಕಾಣುತ್ತದೆ. ಮದ್ದು ಒಂದೇ, ಪಿಸ್ತೂಲನ್ನು ಕೆಳಗಿಳಿಸುವುದು. ಇದನ್ನೂ ಒಂದು ಕೌಶಲವಾಗಿ ಅಭ್ಯಾಸ ಮಾಡಬೇಕು: ಪ್ರತಿ 10 ಎತ್ತುವಿಕೆಗಳಲ್ಲಿ ಎರಡನ್ನು ಬೇಕೆಂದೇ ಗುಂಡು ಹಾರಿಸದೆ ಇಳಿಸುವುದು. ತೋಳಿನ ಬಲಕ್ಕೆ 20ರಿಂದ 30 ಸೆಕೆಂಡ್ ಬಿಳಿ ಗೋಡೆಗೆ ಸೈಟ್ ಹಿಡಿದು, ಅಷ್ಟೇ ಅಥವಾ ಎರಡರಷ್ಟು ಹೊತ್ತು ವಿಶ್ರಮಿಸುತ್ತ ಹತ್ತು ಸುತ್ತು ಮಾಡುವ ಅಭ್ಯಾಸ ಸಾಕು. ಭುಜ ನೋಯತೊಡಗಿದರೆ ನಿಲ್ಲಿಸಬೇಕು. ನೋವಿನಲ್ಲಿ ಕಲಿತ ಹಿಡಿತ ನೋವಿನ ಹಿಡಿತವೇ ಆಗಿರುತ್ತದೆ.

ಕಣ್ಣು

ಕಾಲ್‌ಗೂ ಗುಂಡಿಗೂ ಯಾವ ಕ್ರಮದ ಸಂಬಂಧವೂ ಇಲ್ಲ, ಪಿಸ್ತೂಲು ಪರೀಕ್ಷೆಯಲ್ಲಿ ಗೆದ್ದಿದೆ ಎಂದಾದರೆ ಉಳಿಯುವುದು ಕಣ್ಣು. ಕಣ್ಣು ಒಂದು ಕ್ಷಣದಲ್ಲಿ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಮುಂದಿನ ಸೈಟ್ ಚೂಪಾಗಿ, ಗುರಿ ಮಸುಕಾಗಿ ಕಾಣಬೇಕು. ಕೊನೆಯ ಕ್ಷಣದಲ್ಲಿ ನೋಟ ಗುರಿಗೆ ಹಾರಿದರೆ ಗುರಿ ಚೂಪಾಗಿ, ಸೈಟ್ ಮಸುಕಾಗಿ ಕಾಣುತ್ತದೆ, ಆಗ ಕಾಲು ಮಿಲಿಮೀಟರಿನ ಕೋನದೋಷ ಯಾರಿಗೂ ಕಾಣದು. ಗುರಿ ಎಷ್ಟು ಚೂಪಾಗಿತ್ತು ಎಂದು ಪ್ರತಿ ಗುಂಡಿನ ನಂತರ ನಿಮ್ಮನ್ನೇ ಕೇಳಿಕೊಳ್ಳಿ. ವೃತ್ತದ ಅಂಚು ನೆನಪಿದ್ದರೆ ನೀವು ನೋಡಬಾರದ್ದನ್ನು ನೋಡಿದ್ದೀರಿ.

ಒಂದೇ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿದರೆ ಕಣ್ಣು ಹಳೆಯ ಚಿತ್ರವನ್ನೇ ಹಿಡಿದುಕೊಂಡಿರುತ್ತದೆ ಎಂಬುದನ್ನೂ ಇಲ್ಲಿಗೆ ಸೇರಿಸಬೇಕು. ಸೈಟ್ ಸರಿದಿದ್ದರೂ ಸರಿಯಾಗಿಯೇ ಇದೆ ಎಂದು ತೋರುತ್ತದೆ, ಶೂಟರ್ ಪ್ರಾಮಾಣಿಕವಾಗಿಯೇ 10 ಎಂದು ಕಾಲ್ ಮಾಡುತ್ತಾನೆ, ಗುಂಡು 7ಕ್ಕೆ ಹೋಗಿರುತ್ತದೆ. ಇದಕ್ಕೂ ಮದ್ದು ಹೊತ್ತು ಕಡಿಮೆ ಮಾಡುವುದೇ. ನಲವತ್ತು ದಾಟಿದ ಕಣ್ಣಿಗೆ ಮುಂದಿನ ಸೈಟ್ ಎಷ್ಟು ಪ್ರಯತ್ನಿಸಿದರೂ ಚೂಪಾಗದಿದ್ದರೆ ಅಭ್ಯಾಸದಿಂದ ಅದು ಸರಿಹೋಗುವುದಿಲ್ಲ. ದೂರದ ವಸ್ತು ನೋಡಲು ಬೇಕಾದ ಲೆನ್ಸ್ ಸಂಖ್ಯೆಗೆ ಸಾಮಾನ್ಯವಾಗಿ 0.5ರಿಂದ 0.75 ಡಯಾಪ್ಟರ್ ಕೂಡಿಸಿದ ಶೂಟಿಂಗ್ ಲೆನ್ಸ್ ಬೇಕಾಗುತ್ತದೆ, ಅದನ್ನು ಕಣ್ಣಿನ ತಜ್ಞರ ಬಳಿ ಪಿಸ್ತೂಲ್ ಹಿಡಿಯುವ ದೂರವನ್ನು ವಿವರಿಸಿಯೇ ನಿರ್ಧರಿಸಬೇಕು. ಗುರಿಯಿಡದ ಕಣ್ಣನ್ನು ಬಿಗಿಯಾಗಿ ಮುಚ್ಚುವುದು ಇನ್ನೊಂದು ಕಣ್ಣಿನ ಸುತ್ತಲಿನ ಸ್ನಾಯುಗಳನ್ನೂ ದಣಿಸುತ್ತದೆ. ಅಲ್ಲೊಂದು ಮರೆ ಇಟ್ಟು, ಅಗಲ 30 ಮಿಲಿಮೀಟರ್ ಮೀರದಂತೆ ನೋಡಿಕೊಂಡು, ಎರಡೂ ಕಣ್ಣು ತೆರೆದೇ ಹೊಡೆಯುವುದು ಒಳ್ಳೆಯದು.

ಗಡಿಯಾರದ ಪಟವನ್ನು ಎಷ್ಟು ನಂಬಬೇಕು

ಪೆಲೆಟ್ ಬಿದ್ದ ದಿಕ್ಕಿಗೆ ಒಂದೊಂದು ಕಾರಣ ಬರೆದಿರುವ ವೃತ್ತಾಕಾರದ ಪಟ ಬಹುತೇಕ ಪ್ರತಿ ರೇಂಜ್‌ನ ಗೋಡೆಯ ಮೇಲೂ ಇರುತ್ತದೆ: ಕೆಳ ಎಡಕ್ಕೆ ಬಿದ್ದರೆ ಜಗ್ಗಿದ ಟ್ರಿಗರ್, ಮೇಲಕ್ಕೆ ಬಿದ್ದರೆ ಅಂಗೈಯ ಹಿಮ್ಮಡಿಯ ತಳ್ಳು, ಬಲಕ್ಕೆ ಬಿದ್ದರೆ ಹೆಬ್ಬೆರಳಿನ ಒತ್ತು. ಅದು ಒಂದು ಕೈಯ ಶೂಟಿಂಗ್‌ಗೆ ಒಂದು ಹಂತದವರೆಗೆ ನಿಜ. ಆದರೆ ಪಟ ಒಂದು ಮಾತನ್ನು ಒಳಗೊಳಗೇ ಊಹಿಸಿಕೊಂಡಿದೆ: ಪಿಸ್ತೂಲಿನ ಸೈಟ್ ಸರಿಯಾಗಿದೆ, ದೋಷ ಒಂದೇ ಇದೆ. ಈಗಾಗಲೇ ನಾಲ್ಕು ಕ್ಲಿಕ್ ತಿರುಗಿಸಿ ಜಗ್ಗಿದ ಟ್ರಿಗರ್ ಅನ್ನು ಮುಚ್ಚಿಕೊಂಡವನ ಒಳ್ಳೆಯ ಗುಂಡುಗಳು ಮೇಲೆ ಬಲಕ್ಕೆ ಹೋಗುತ್ತವೆ, ಪಟ ಅವನಿಗೆ ಮಣಿಕಟ್ಟಿನ ದೋಷವೆಂದು ಹೇಳುತ್ತದೆ. ಒಂದೆರಡು ಗುಂಡು ನೋಡಿ ಪಟದ ಬಳಿ ಓಡುವವರನ್ನು ಕಂಡರೆ, ಒಂದು ಸೀನಿಗೆ ಪಂಚಾಂಗ ತೆಗೆಯುವವರ ನೆನಪಾಗುತ್ತದೆ. ಕಾಲ್ ಮಾಡಿದ ಪಟ್ಟಿ ಜೊತೆಗಿದ್ದಾಗ ಮಾತ್ರ ಈ ಪಟ ಉಪಯುಕ್ತ.

ಸೈಟ್ ಚಲನೆಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸ್ಕ್ಯಾಟ್‌ನಂಥ ಸಾಧನ ಸಿಕ್ಕರೆ ಊಹೆಗೆ ಜಾಗ ಕಡಿಮೆ. ಬಿಡುಗಡೆಗೆ ಮುನ್ನಿನ ಕೊನೆಯ ಗಳಿಗೆಯ ಗೆರೆಯನ್ನೇ ನೋಡಿ: ಅದು ಉಳಿದ ಓಡಾಟದಂತೆಯೇ ಇದ್ದರೆ ಹಿಡಿತದ ವಿಷಯ, ಅಲ್ಲಿಂದ ಬಾಣದಂತೆ ಒಂದು ದಿಕ್ಕಿಗೆ ಹೊರಟಿದ್ದರೆ ಬೆರಳಿನ ವಿಷಯ.

ಅಭ್ಯಾಸದಲ್ಲಿ ಬಂದು ಸ್ಪರ್ಧೆಯಲ್ಲಿ ಬಾರದಾಗ

ಅಭ್ಯಾಸದ ಸ್ಕೋರ್ ಸ್ಪರ್ಧೆಯಲ್ಲಿ ಬರದಿದ್ದರೆ ಅದನ್ನು ಮನಸ್ಸಿನ ದೌರ್ಬಲ್ಯ ಎಂದು ಹೆಸರಿಸಿ ಕೈಬಿಡುವುದು ಸುಲಭ, ಆದರೆ ದೋಷ ಹೆಚ್ಚಾಗಿ ಅಳೆಯಲು ಬರುವಂಥದ್ದೇ. ಎಲೆಕ್ಟ್ರಾನಿಕ್ ಗುರಿಯಲ್ಲಿ 60 ಗುಂಡುಗಳಿಗೆ 75 ನಿಮಿಷ ಇರುತ್ತದೆ, ಅಂದರೆ ಗುಂಡಿಗೆ ಸರಾಸರಿ 75 ಸೆಕೆಂಡ್. ಸ್ಪರ್ಧೆಯ ಮುದ್ರಿತ ಫಲಿತಾಂಶದಲ್ಲಿ ಪ್ರತಿ ಗುಂಡಿನ ಹೊತ್ತು ಇದ್ದರೆ ಅಭ್ಯಾಸದ ಹೊತ್ತಿನೊಡನೆ ಹೋಲಿಸಿ. ಕೆಟ್ಟ ಗುಂಡಿನ ನಂತರದ ಗುಂಡು ಅರ್ಧ ಹೊತ್ತಿನಲ್ಲೇ ಹೊರಟಿರುವುದು, ಅಥವಾ ಒಳ್ಳೆಯ ಸರಣಿಯ 9ನೆಯ ಮತ್ತು 10ನೆಯ ಗುಂಡುಗಳಿಗೆ ಮೂರು ನಾಲ್ಕು ಬಾರಿ ಎತ್ತಿ ಇಳಿಸಿರುವುದು ಕಾಣಿಸುತ್ತದೆ. ಮೊದಲನೆಯದಕ್ಕೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕೈ ಬಿಟ್ಟೇ ಮುಂದಿನ ಪೆಲೆಟ್ ಮುಟ್ಟಬೇಕೆಂಬ ನಿಯಮ ಹಾಕಿಕೊಳ್ಳಿ. ಎರಡನೆಯದಕ್ಕೆ ಅಭ್ಯಾಸದ ಮೊದಲ ಗುಂಡನ್ನೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯ ತಾಲೀಮು: ಸಿದ್ಧತೆಯ ಗುಂಡುಗಳಿಲ್ಲದೆ ಒಂದೇ ಗುಂಡು ಹಾರಿಸಿ, ಸ್ಕೋರ್ ಬರೆದು, ಹತ್ತು ನಿಮಿಷ ಡ್ರೈ ಫೈರ್ ಮಾಡಿ, ಮತ್ತೆ ಒಂದೇ ಗುಂಡು. ಇದರಲ್ಲಿ ಎದೆಬಡಿತ ಏರುತ್ತದೆ, ಅದೇ ಬೇಕಾಗಿರುವುದು.

25 ಮೀಟರ್ ಪಿಸ್ತೂಲಿನ ವೇಗದ ಹಂತಕ್ಕೆ ಹೋಗುವವರಿಗೆ ಒಂದು ಮಾತು. ಅಲ್ಲಿ 7 ಸೆಕೆಂಡ್ ಕಾದು 3 ಸೆಕೆಂಡಿನಲ್ಲಿ ಒಂದು ಗುಂಡು ಹಾರಿಸಬೇಕು, ತೋಳು 45 ಡಿಗ್ರಿ ಕೆಳಗಿನಿಂದ ಏಳಬೇಕು, ಟ್ರಿಗರ್ 1000 ಗ್ರಾಂ. ಗುಂಡುಗಳು ಕೆಳಗೆ ಬೀಳುತ್ತಿದ್ದರೆ ಹೆಚ್ಚಿನ ವೇಳೆ ತೋಳು ನಿಂತ ಮೇಲೆ ಬೆರಳು ಕೆಲಸ ಶುರು ಮಾಡುತ್ತಿದೆ ಎಂದರ್ಥ. ಮೊದಲ ಹಂತದ ಒತ್ತಡ ತೋಳು ಏಳುವಾಗಲೇ ಮುಗಿಯಬೇಕು.

ಕೊನೆಗೆ ಸ್ಕ್ರೂ

ಕಾಲ್‌ಗಳು ಹೊಂದುತ್ತಿವೆ, ಗ್ರೂಪ್ ದುಂಡಗಿದೆ, ಆದರೆ ಅದರ ನಡು ಗುರಿಯ ನಡುವಿನಲ್ಲಿಲ್ಲ ಎಂಬ ಸ್ಥಿತಿ ತಲುಪಿದಾಗ ಸೈಟ್ ತಿರುಗಿಸುವ ಹಕ್ಕು ಬರುತ್ತದೆ. ಎಷ್ಟು ಗುಂಡುಗಳ ನಂತರ ಎಂಬುದಕ್ಕೆ ಒಂದು ಲೆಕ್ಕವಿದೆ: ಗ್ರೂಪ್‌ನ ನಡುವನ್ನು ಅಂದಾಜಿಸುವುದರಲ್ಲಿನ ತಪ್ಪು ಗುಂಡುಗಳ ಸಂಖ್ಯೆಯ ವರ್ಗಮೂಲದಂತೆ ಇಳಿಯುತ್ತದೆ, ಅಂದರೆ 4 ಗುಂಡಿನಿಂದ ಅನಿಶ್ಚಿತತೆ ಅರ್ಧವಾಗುತ್ತದೆ, ಕಾಲು ಭಾಗಕ್ಕೆ ಇಳಿಯಲು 16 ಬೇಕು. ಮೂರು ಗುಂಡು ನೋಡಿ ತಿರುಗಿಸುವವರು ಬಹುತೇಕ ತಮ್ಮದೇ ಓಡಾಟವನ್ನು ಬೆನ್ನಟ್ಟುತ್ತಿರುತ್ತಾರೆ. ಹೊಸ ರೇಂಜ್‌ನ ಬೆಳಕು ಬೇರೆಯಾದರೆ ಕಪ್ಪು ವೃತ್ತ ಮತ್ತು ಸೈಟ್‌ನ ನಡುವೆ ಬಿಡುವ ಬಿಳಿಯ ಅಂತರ ಕಣ್ಣಿಗೆ ಬೇರೆಯಾಗಿ ಕಂಡು ಗ್ರೂಪ್ ಮೇಲೆ ಅಥವಾ ಕೆಳಗೆ ಸರಿಯುವುದುಂಟು; ಅಲ್ಲಿ ತಿರುಗಿಸಲು ಅಂಜಬೇಕಿಲ್ಲ. ಪೂರ್ವಸಿದ್ಧತೆ ಮತ್ತು ಪರೀಕ್ಷಾ ಗುಂಡುಗಳಿಗೆ 15 ನಿಮಿಷ ಕೊಡುವುದು ಅದಕ್ಕೇ. ಯಾವ ದಿಕ್ಕಿಗೆ, ಎಷ್ಟು ಕ್ಲಿಕ್, ಯಾವ ದಿನ, ಯಾವ ಬೆಳಕು ಎಂದು ಬರೆದಿಟ್ಟುಕೊಂಡು, ಮರುದಿನ ಬಟ್ಟೆ ಮುಚ್ಚಿದ ಮಾನಿಟರಿನ ಮುಂದೆ ಅದೇ 20 ಗುಂಡುಗಳ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.